ಮರದ ದೊರೆ ವೇಯರ್‌ಹೌಸರ್

ಜರ್ಮನಿಯ ರೈತ ಕುಟುಂಬದಲ್ಲಿ 1834ರಲ್ಲಿ ಜನಿಸಿದ ಫ್ರೆಡರಿಕ್ ವೇಯರ್‌ಹೌಸರ್ 1852ರಲ್ಲಿ ಅಮೆರಿಕಕ್ಕೆ ವಲಸೆ ಬಂದರು. ಇಲಿನಾಯ್ ರಾಜ್ಯದ ಮರ ಕೊಯ್ಯುವ ಗಿರಣಿಯಲ್ಲಿ ದುಡಿದು, 1860ರಲ್ಲಿ ಷಡ್ಡಕ ಡೆಂಕ್‌ಮನ್ ಜತೆಗೂಡಿ ರಾಕ್ ಐಲೆಂಡ್‌ನಲ್ಲಿ ಸ್ವಂತ ಗಿರಣಿ ಕೊಂಡರು.

ವಿಸ್ಕಾನ್ಸಿನ್‌ನ ಬಿಳಿ ಪೈನ್ ದಿಮ್ಮಿಗಳು ಮಿಸಿಸಿಪ್ಪಿ ನದಿಯಲ್ಲಿ ತೇಲಿ ಬರುತ್ತಿದ್ದ ಕಾಲವದು. ಪರಸ್ಪರ ಸ್ಪರ್ಧಿಸುತ್ತಿದ್ದ ಗಿರಣಿ ಮಾಲೀಕರನ್ನು 1870ರ ದಶಕದಲ್ಲಿ ಒಂದೇ ಕಂಪೆನಿಯಡಿ ಒಗ್ಗೂಡಿಸಿದ್ದು ಅವರ ಸಾಧನೆ.

ಆ ಕಾಡು ಬರಿದಾಗತೊಡಗಿದಾಗ ಅವರ ದೃಷ್ಟಿ ಪಶ್ಚಿಮದತ್ತ ಹೊರಳಿತು. 1900ರಲ್ಲಿ ಪಾಲುದಾರರೊಂದಿಗೆ ನಾರ್ದರ್ನ್ ಪೆಸಿಫಿಕ್ ರೈಲ್ವೆಯಿಂದ ವಾಷಿಂಗ್ಟನ್ ರಾಜ್ಯದಲ್ಲಿ 9 ಲಕ್ಷ ಎಕರೆ ಅರಣ್ಯವನ್ನು ಎಕರೆಗೆ 6 ಡಾಲರ್‌ನಂತೆ ಖರೀದಿಸಿದರು. ರೈಲ್ವೆಗೆ ಆ ಭೂಮಿ ಸರ್ಕಾರದಿಂದ ದಾನವಾಗಿ ಬಂದದ್ದು!

ಪ್ರಚಾರದಿಂದ ದೂರವೇ ಉಳಿದ ಅವರು 1914ರಲ್ಲಿ ನಿಧನರಾದರು. ಕಂಪೆನಿ ಇಂದಿಗೂ ಬೆಳೆದು ನಿಂತಿದೆ. ಅವರಿಗೆ ಸಿರಿ ತಂದ ಬಿಳಿ ಪೈನ್ ಕಾಡು ಮಾತ್ರ ಬಹುಪಾಲು ಅಳಿದುಹೋಯಿತು.