ಕೈಕೆಲಸಕ್ಕೆ ಘನತೆ ತಂದ ಕಮಲಾದೇವಿ

ಕೆ. ಹೊಸಕೋಟೆಯ ಸುತ್ತಮುತ್ತಲ ಮಲೆನಾಡ ಮನೆಗಳಲ್ಲಿ ಹೆಂಗಸರ ಕೆಲಸಕ್ಕೆ ಕೊನೆ ಎಂಬುದಿಲ್ಲ. ಮಳೆಗಾಲದಲ್ಲಿ ಗದ್ದೆಯ ನಾಟಿ, ಚಳಿ ಹಿಡಿಯುತ್ತಲೇ ಕಾಫಿ ಕೊಯ್ಲು, ಅದು ಮುಗಿಯುವಷ್ಟರಲ್ಲಿ ಮೆಣಸು. ಇವುಗಳ ನಡುವೆ ಮಕ್ಕಳ ಶಾಲೆ, ದನಕರು, ಅಡುಗೆಮನೆ, ವಯಸ್ಸಾದವರ ಆರೈಕೆ. ಹೊಲಿಗೆ, ಕಸೂತಿ, ಹೆಣಿಗೆಗಳ ಮಾತೆತ್ತಿದರೆ ಅದಕ್ಕೆಲ್ಲ ಪುರುಸೊತ್ತೆಲ್ಲಿ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮದುವೆಯಲ್ಲಿ ಉಡುಗೊರೆಯಾಗಿ ಬಂದ ಹೊಲಿಗೆ ಯಂತ್ರ ಎಷ್ಟೋ ಮನೆಗಳ ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡು, ಮಕ್ಕಳ ಪುಸ್ತಕ ಇಡುವ ಮೇಜಾಗಿ ನಿಂತಿದೆ.

ಈ ಉತ್ತರದಲ್ಲಿ ಸುಳ್ಳೇನೂ ಇಲ್ಲ. ಆದರೆ ನಮ್ಮ ಅಜ್ಜಿಯರಿಗೆ ನಮಗಿಂತ ಹೆಚ್ಚು ಬಿಡುವಿತ್ತೇ ಎಂದು ಒಮ್ಮೆ ಯೋಚಿಸಬೇಕು. ನೀರು ಸೇದಿ, ಭತ್ತ ಕುಟ್ಟಿ, ಸೌದೆ ಹೊತ್ತು ತಂದ ಕೈಗಳೇ ಚಾಪೆ ಹೆಣೆದವು, ಬುಟ್ಟಿ ನೇಯ್ದವು, ಹರಿದ ಸೀರೆಗಳನ್ನು ಸೇರಿಸಿ ಹೊದಿಕೆ ಹೊಲಿದವು. ಹಾಗಾದರೆ ನಮ್ಮಿಂದ ಕಳೆದುಹೋದದ್ದು ಸಮಯವೋ, ಆ ಕೆಲಸಕ್ಕಿದ್ದ ಬೆಲೆಯೋ? ಈ ಪ್ರಶ್ನೆಯನ್ನು ಇಡೀ ದೇಶದ ಮುಂದಿಟ್ಟು, ಅದರ ಉತ್ತರಕ್ಕಾಗಿ ತಮ್ಮ ಬಾಳಿನ ಅರ್ಧಭಾಗವನ್ನೇ ಸವೆಸಿದ ಒಬ್ಬ ಮಹಿಳೆ ನಮ್ಮ ಕರ್ನಾಟಕದವರೇ. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಹೋದರೆ ಸಿಗುವ ಮಂಗಳೂರು ಅವರ ಹುಟ್ಟೂರು. ಅವರ ಹೆಸರು ಕಮಲಾದೇವಿ ಚಟ್ಟೋಪಾಧ್ಯಾಯ.

ತಾಯಿಯಿಂದ ಕಲಿತ ಮೊದಲ ಪಾಠ

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ. ತಂದೆ ಅನಂತಯ್ಯ ಧಾರೇಶ್ವರ ಸರ್ಕಾರದ ಉನ್ನತ ಅಧಿಕಾರಿ. ತಾಯಿ ಗಿರಿಜಾಬಾಯಿ ಓದುಬರಹ ಬಲ್ಲವರು, ಸ್ವತಂತ್ರ ಮನೋಭಾವದವರು. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ತಂದೆ ಉಯಿಲು ಬರೆಯದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಅವರ ಮೊದಲ ಮದುವೆಯ ಮಗನಿಗೆ ಹೋಯಿತು. ಹೆಂಡತಿ ಮಗಳಿಗೆ ಉಳಿದದ್ದು ತಿಂಗಳ ಜೀವನಾಂಶ ಮಾತ್ರ. ಗಿರಿಜಾಬಾಯಿ ಅದನ್ನೂ ಬೇಡವೆಂದು, ತವರಿನಿಂದ ತಂದಿದ್ದ ಹಣದಲ್ಲೇ ಮಗಳನ್ನು ಸಾಕಿದರು.

ದೊಡ್ಡ ಮನೆಯ ಯಜಮಾನಿ ಒಂದೇ ದಿನದಲ್ಲಿ ಯಾವ ಹಕ್ಕೂ ಇಲ್ಲದವಳಾಗಿಬಿಡಬಹುದು ಎಂಬುದನ್ನು ಆ ಹುಡುಗಿ ಹೀಗೆ ಕಣ್ಣಾರೆ ಕಂಡಳು. ವರ್ಷಗಟ್ಟಲೆ ಮನೆ ನಡೆಸಿದ ಹೆಣ್ಣಿನ ದುಡಿಮೆ ಯಾವ ಲೆಕ್ಕದ ಪುಸ್ತಕದಲ್ಲೂ ಸೇರಿರಲಿಲ್ಲ. ಮುಂದೆ ಕಮಲಾದೇವಿ ಮನೆವಾರ್ತೆಯ ಕೆಲಸಕ್ಕೂ ಆರ್ಥಿಕ ಬೆಲೆಯಿದೆ ಎಂದು ವಾದಿಸುತ್ತಾ ಬಂದದ್ದಕ್ಕೂ, ಹೆಂಗಸರ ಕೈಕೆಲಸಕ್ಕೆ ಸರಿಯಾದ ಬೆಲೆ ಕೊಡಿಸಲು ಹೋರಾಡಿದ್ದಕ್ಕೂ ಈ ನೋವಿಗೂ ನಂಟಿದೆ ಎನ್ನಬಹುದು.

ಅವರ ಸ್ವಂತ ಬದುಕೂ ಸುಲಭವಾಗಿರಲಿಲ್ಲ. 14ನೇ ವಯಸ್ಸಿನಲ್ಲಿ ಮದುವೆಯಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 1919ರಲ್ಲಿ, ವಿಧವೆಯಾದರು. ಅಂದಿನ ಕಾಲದಲ್ಲಿ ಇಂಥ ಹುಡುಗಿಯರ ಬಾಳು ಅಲ್ಲಿಗೇ ಮುಗಿದಂತೆ. ಕಮಲಾದೇವಿ ಮಾತ್ರ ಓದು ಬಿಡಲಿಲ್ಲ. ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಸೇರಿದರು. ಅಲ್ಲಿದ್ದಾಗ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ ಅವರನ್ನು ಮದುವೆಯಾದರು. ಈ ದಾಂಪತ್ಯವೂ ಕೊನೆಯವರೆಗೆ ಉಳಿಯಲಿಲ್ಲ. ಅವರಿಗೆ ಒಬ್ಬ ಮಗ.

ಹೋರಾಟದ ದಿನಗಳು

ಲಂಡನ್ನಿನಲ್ಲಿ ಸಮಾಜಶಾಸ್ತ್ರ ಓದುತ್ತಿದ್ದ ಕಮಲಾದೇವಿ, ಗಾಂಧೀಜಿಯವರ ಅಸಹಕಾರ ಚಳವಳಿಯ ಸುದ್ದಿ ಕೇಳಿ ತಾಯ್ನಾಡಿಗೆ ಮರಳಿದರು. ಹುಬ್ಬಳ್ಳಿಯಲ್ಲಿ ಡಾ. ಎನ್. ಎಸ್. ಹರ್ಡೀಕರರು ಕಟ್ಟಿದ್ದ ಸೇವಾದಳ ಸೇರಿ ಸ್ವಯಂಸೇವಕಿಯರಿಗೆ ತರಬೇತಿ ನೀಡಿದರು. 1926ರಲ್ಲಿ ಮದ್ರಾಸ್ ಪ್ರಾಂತದ ಶಾಸನಸಭೆಗೆ ಸ್ಪರ್ಧಿಸಿ, ಅಂಥ ಚುನಾವಣೆಗೆ ನಿಂತ ದೇಶದ ಮೊದಲ ಮಹಿಳೆಯರಲ್ಲಿ ಒಬ್ಬರು ಎನಿಸಿದರು. ಅಲ್ಪ ಮತಗಳಿಂದ ಸೋತರೂ ಮುಂದಿನವರಿಗೆ ದಾರಿ ತೆರೆಯಿತು. 1927ರಲ್ಲಿ ಆರಂಭವಾದ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನೆಯ ಹೊಣೆಯನ್ನೂ ಹೊತ್ತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮಹಿಳೆಯರಿಗೂ ಅವಕಾಶ ಬೇಕೆಂದು ಗಾಂಧೀಜಿಯವರನ್ನು ಒಪ್ಪಿಸಿದವರಲ್ಲಿ ಅವರು ಪ್ರಮುಖರು. ಮುಂಬಯಿಯಲ್ಲಿ ಉಪ್ಪು ತಯಾರಿಸಿ, ಅದರ ಪೊಟ್ಟಣಗಳನ್ನು ಷೇರುಪೇಟೆಯೊಳಗೇ ಮಾರಲು ಹೋಗಿ ಬಂಧನಕ್ಕೊಳಗಾದರು. ಆಮೇಲೆಯೂ ಹಲವು ಸಲ ಸೆರೆಮನೆ ಕಂಡರು.

ಉಪ್ಪು ಅಡುಗೆಮನೆಯ ವಸ್ತು. ಖಾದಿಯ ನೂಲು ಮನೆಯ ಜಗುಲಿಯಲ್ಲಿ ಹುಟ್ಟುವ ವಸ್ತು. ಮನೆಯೊಳಗಿನ ಇಂಥ ಸಣ್ಣ ಕೆಲಸಗಳಲ್ಲಿ ಎಷ್ಟು ದೊಡ್ಡ ಶಕ್ತಿ ಅಡಗಿದೆ ಎಂಬುದನ್ನು ಆ ದಿನಗಳು ದೇಶಕ್ಕೆ ತೋರಿಸಿದವು. ಸ್ವಾತಂತ್ರ್ಯ ಬಂದ ಮೇಲೂ ಕಮಲಾದೇವಿ ಈ ಪಾಠವನ್ನು ಮರೆಯಲಿಲ್ಲ.

ನಿರಾಶ್ರಿತರ ಕೈಗಳು

1947ರ ದೇಶ ವಿಭಜನೆ ಲಕ್ಷಾಂತರ ಜನರನ್ನು ಬೀದಿಗೆ ತಂದಿತು. ಉಟ್ಟ ಬಟ್ಟೆಯಲ್ಲೇ ಗಡಿ ದಾಟಿ ಬಂದವರು ದೆಹಲಿಯ ಶಿಬಿರಗಳಲ್ಲಿ ತುಂಬಿಕೊಂಡಿದ್ದರು. ಅವರನ್ನು ಅನ್ನ ಬಟ್ಟೆಗಾಗಿ ಸದಾ ಕೈಚಾಚುವವರನ್ನಾಗಿ ಮಾಡಬಾರದು, ತಮ್ಮ ಕಾಲ ಮೇಲೆ ನಿಲ್ಲುವಂತೆ ಮಾಡಬೇಕು ಎಂಬುದು ಕಮಲಾದೇವಿಯವರ ನಿಲುವು. 1948ರಲ್ಲಿ ಭಾರತೀಯ ಸಹಕಾರ ಒಕ್ಕೂಟವನ್ನು ಸ್ಥಾಪಿಸಿದರು. ಮಂತ್ರಿಗಿರಿಯ ದಾರಿ ಹಿಡಿಯದೆ ಶಿಬಿರಗಳ ದಾರಿ ಹಿಡಿದರು. ವಾಯವ್ಯ ಗಡಿ ಪ್ರಾಂತದಿಂದ ಬಂದ ಸುಮಾರು 50,000 ನಿರಾಶ್ರಿತರಿಗೆ ದೆಹಲಿಯ ಬಳಿ ಫರೀದಾಬಾದ್ ಊರು ಕಟ್ಟುವ ಕಾರ್ಯದಲ್ಲಿ ಈ ಒಕ್ಕೂಟ ಮುಂದೆ ನಿಂತಿತು.

ಪಂಜಾಬಿನ ಕಡೆಯಿಂದ ಬಂದ ಹೆಂಗಸರು ಆಸ್ತಿಪಾಸ್ತಿಯನ್ನು ಬಿಟ್ಟು ಬಂದಿದ್ದರು. ಆದರೆ ಕೈಯ ವಿದ್ಯೆಯನ್ನು ಯಾರೂ ಕಸಿದುಕೊಳ್ಳಲು ಸಾಧ್ಯವಿರಲಿಲ್ಲ. ಫುಲ್ಕಾರಿ ಎಂಬುದು ಅವರ ಕಡೆಯ ಕಸೂತಿ. ಕೈಮಗ್ಗದ ಒರಟು ಬಟ್ಟೆಯ ಹಿಂಬದಿಯಿಂದ ಎಳೆ ಎಣಿಸುತ್ತಾ ರೇಷ್ಮೆ ದಾರದಲ್ಲಿ ಹೂಗಳನ್ನು ತುಂಬುವುದು ಅದರ ಕ್ರಮ. ಅಜ್ಜಿ ತಾಯಂದಿರು ಇದನ್ನು ಮಾರಾಟಕ್ಕಲ್ಲ, ಮನೆಮಕ್ಕಳ ಮದುವೆಗೆಂದು ಮಾಡುತ್ತಿದ್ದರು. ಒಂದು ದೊಡ್ಡ ಹೊದಿಕೆ ಮುಗಿಯಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು.

ನಮ್ಮ ಧಾರವಾಡದ ಕಡೆಯ ಕಸೂತಿಯೂ ಇದೇ ಬಗೆಯದು. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆಗಳು ಇಳಕಲ್ ಸೀರೆಯ ಮೇಲೆ ಮೂಡುತ್ತವೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ದಾರಕ್ಕೆ ಗಂಟು ಹಾಕುವುದಿಲ್ಲ. ಎಲ್ಲವೂ ಎಳೆ ಎಣಿಕೆಯ ಮೇಲೆ ನಡೆಯುತ್ತದೆ.

ಇಂಥ ಕೆಲಸಗಳನ್ನು ಯಾರೂ ಇಡೀ ದಿನ ಬಿಡುವು ಮಾಡಿಕೊಂಡು ಕುಳಿತು ಮುಗಿಸಲಿಲ್ಲ ಎಂಬುದನ್ನು ಗಮನಿಸಬೇಕು. ಮಗು ಮಲಗಿದಾಗ ನಾಲ್ಕು ಹೊಲಿಗೆ, ಅನ್ನ ಬೇಯುವಾಗ ಹತ್ತು ಹೊಲಿಗೆ. ಯಾರಾದರೂ ಕರೆದರೆ ಮಡಚಿಟ್ಟು ಎದ್ದು ಹೋಗಬಹುದು, ಮರುದಿನ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಗೃಹಿಣಿಯ ದಿನ ಚೂರು ಚೂರಾಗಿರುತ್ತದೆ. ಆ ಚೂರುಗಳಿಗೆ ಹೊಂದುವಂತೆಯೇ ಈ ಕಲೆಗಳು ಬೆಳೆದವು. ಸಮಯ ಸಿಕ್ಕಿದಾಗ ಮಾಡೋಣ ಎಂದು ಕಾದವರು ಯಾರೂ ಫುಲ್ಕಾರಿ ಮುಗಿಸಲಿಲ್ಲ.

ಊರೂರು ಅಲೆದ ಅಧ್ಯಕ್ಷೆ

1952ರಲ್ಲಿ ಕೇಂದ್ರ ಸರ್ಕಾರ ಅಖಿಲ ಭಾರತ ಕರಕುಶಲ ಮಂಡಳಿಯನ್ನು ರಚಿಸಿತು. ಕಮಲಾದೇವಿ ಅದರ ಅಧ್ಯಕ್ಷೆಯಾದರು. ಕಾರ್ಖಾನೆಯ ಸರಕು ಅಗ್ಗವಾಗಿ ಬಂದು, ಗಡಿಗೆಯ ಜಾಗಕ್ಕೆ ಕಾರ್ಖಾನೆಯ ಪಾತ್ರೆ, ಕೈಮಗ್ಗದ ಜಾಗಕ್ಕೆ ಗಿರಣಿ ಬಟ್ಟೆ ಸೇರುತ್ತಿದ್ದ ಕಾಲವದು. ಕುಶಲಕರ್ಮಿಗಳ ಮಕ್ಕಳು ತಂದೆಯ ಕಸುಬು ಬಿಟ್ಟು ಕೂಲಿಗೆ ಹೋಗತೊಡಗಿದ್ದರು. ಕಮಲಾದೇವಿ ಕಚೇರಿಯ ಕುರ್ಚಿಯಲ್ಲಿ ಕುಳಿತಿರಲಿಲ್ಲ. ಹಳ್ಳಿ ಹಳ್ಳಿ ತಿರುಗಿ ಕುಂಬಾರರು, ನೇಕಾರರು, ಬುಟ್ಟಿ ಹೆಣೆಯುವವರ ಮನೆಬಾಗಿಲಿಗೇ ಹೋದರು.

ಅವರ ಕಾಲದಲ್ಲಿ ಬೆಂಗಳೂರು, ದೆಹಲಿ, ಮುಂಬಯಿ, ಕಲ್ಕತ್ತಾಗಳಲ್ಲಿ ವಿನ್ಯಾಸ ಕೇಂದ್ರಗಳು ಆರಂಭವಾದವು. ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಅಳಿವಿನಂಚಿಗೆ ಬಂದಿದ್ದ ಕಲಂಕಾರಿ ಚಿತ್ರಕಲೆಗೆ ತರಬೇತಿ ಕೇಂದ್ರದಿಂದ ಮರುಜೀವ ಬಂತು. ದೆಹಲಿಯ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ಅನ್ನು ಅವರ ಸಹಕಾರ ಒಕ್ಕೂಟ ವಹಿಸಿಕೊಂಡು, ಹಳ್ಳಿಯ ಕೈಕೆಲಸಕ್ಕೆ ಪಟ್ಟಣದ ಕೊಳ್ಳುವವರನ್ನು ಹುಡುಕಿಕೊಟ್ಟಿತು. 1965ರಿಂದ ನುರಿತ ಕುಶಲಕರ್ಮಿಗಳಿಗೆ ರಾಷ್ಟ್ರೀಯ ಪ್ರಶಸ್ತಿ ಸಲ್ಲತೊಡಗಿತು. ಹಳ್ಳಿಯ ಮೂಲೆಯಲ್ಲಿ ಹೆಸರಿಲ್ಲದೆ ದುಡಿಯುತ್ತಿದ್ದವರಿಗೆ ಇದು ದೊಡ್ಡ ಗೌರವ.

ಆದರೆ ಅಂಗಡಿ, ಪ್ರಶಸ್ತಿಗಳಷ್ಟೇ ಸಾಕು ಎಂದು ಅವರು ನಂಬಿರಲಿಲ್ಲ. ಕೈಕೆಲಸದ ವಸ್ತು ಗಾಜಿನ ಕಪಾಟಿನ ಅಲಂಕಾರವಾಗಬಾರದು, ದಿನಬಳಕೆಗೆ ಬರಬೇಕು ಎಂಬುದು ಅವರ ವಿಚಾರದ ತಿರುಳು. ನಮ್ಮ ಹಿಂದಿನವರು ಬಳಕೆಯ ವಸ್ತು ಬೇರೆ, ಚಂದದ ವಸ್ತು ಬೇರೆ ಎಂದು ಭಾಗ ಮಾಡಿರಲಿಲ್ಲ. ನೀರಿನ ಕೊಡ, ಮಲಗುವ ಚಾಪೆ, ಮಗುವಿನ ಕುಲಾವಿ ಎಲ್ಲದರಲ್ಲೂ ಅಂದವಿತ್ತು ಎಂದು ಅವರು ತೋರಿಸಿಕೊಟ್ಟರು. ತಾವೂ ಹಾಗೆಯೇ ಬದುಕಿದರು. ಕೈಮಗ್ಗದ ಸೀರೆಯುಟ್ಟ ಅವರ ರೂಪವನ್ನು ಕಂಡವರು ಮರೆಯುತ್ತಿರಲಿಲ್ಲ. ಕಸೂತಿ, ನೆಲಹಾಸು ಮುಂತಾದ ಕರಕುಶಲ ಕಲೆಗಳ ಮೇಲೆ ಪುಸ್ತಕಗಳನ್ನೂ ಬರೆದರು.

1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ, ತಮ್ಮ 85ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅವರು ಕಟ್ಟಿ ಬೆಳೆಸಿದ ಕರಕುಶಲ ಮಂಡಳಿಯನ್ನು 2020ರ ಆಗಸ್ಟಿನಲ್ಲಿ ಸರ್ಕಾರ ರದ್ದುಪಡಿಸಿತು. ಮಂಡಳಿಗಳು ಬರುತ್ತವೆ, ಹೋಗುತ್ತವೆ. ಕೈಯ ವಿದ್ಯೆ ಉಳಿಯುವುದೋ ಅಳಿಯುವುದೋ ಎಂಬುದು ಕೊನೆಗೂ ತೀರ್ಮಾನವಾಗುವುದು ಮನೆಗಳಲ್ಲಿಯೇ.

ನಮ್ಮ ಮನೆಗಳಿಗೆ ಈ ಬಾಳು ಹೇಳುವುದೇನು?

ಮೊದಲನೆಯದು, ಚೂರು ಸಮಯವನ್ನು ಕಡೆಗಣಿಸಬಾರದು. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ನಮ್ಮ ಬೆಟ್ಟದೂರುಗಳಲ್ಲಿ ಸಂಜೆಗಳು ಬಲು ಉದ್ದ. ಆ ಹೊತ್ತಿನಲ್ಲಿ ಅರ್ಧ ಗಂಟೆ ದೂರದರ್ಶನವನ್ನೋ ಮೊಬೈಲನ್ನೋ ಬದಿಗಿಟ್ಟರೆ ಸಾಕು. ಬಟ್ಟೆ, ಸೂಜಿ, ದಾರಗಳನ್ನು ಒಂದು ಬುಟ್ಟಿಯಲ್ಲಿ ಹಾಕಿ ಕೈಗೆ ಸಿಗುವಂತಿಟ್ಟರೆ ಅರ್ಧ ಕೆಲಸ ಮುಗಿದಂತೆ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟ ಸೂಜಿಗೆ ಬಿಡುವು ಎಂದೂ ಸಿಗುವುದಿಲ್ಲ.

ಎರಡನೆಯದು, ಬೇಕಾದ ವಸ್ತುವಿನಿಂದಲೇ ಆರಂಭಿಸಬೇಕು. ಮಗನ ಅಂಗಿಯ ಗುಂಡಿ, ಮಗಳ ಲಂಗದ ಅಂಚು, ಹಳೆಯ ಹತ್ತಿ ಸೀರೆಯಿಂದ ಮಗುವಿಗೊಂದು ಹೊದಿಕೆ. ಬಳಕೆಗೆ ಬರುವ ಕೆಲಸ ತಾನಾಗಿಯೇ ಸಮಯ ಹುಡುಕಿಕೊಳ್ಳುತ್ತದೆ. ಗಂಡುಮಕ್ಕಳಿಗೂ ಸೂಜಿಗೆ ದಾರ ಪೋಣಿಸುವುದನ್ನು ಕಲಿಸಿ. ಹರಿದದ್ದನ್ನು ಎಸೆಯದೆ ಸರಿಪಡಿಸಬಹುದು ಎಂಬ ತಿಳಿವಳಿಕೆ ಬಟ್ಟೆಗಷ್ಟೇ ಸೀಮಿತವಲ್ಲ.

ಮೂರನೆಯದು, ಇದೇ ಮುಖ್ಯವಾದದ್ದು: ಈ ಕೆಲಸವನ್ನು ಕೆಲಸವೆಂದು ಒಪ್ಪಿಕೊಳ್ಳಬೇಕು. ತಾಯಿ ಹೊಲಿಯಲು ಕುಳಿತರೆ ಸುಮ್ಮನೆ ಕುಳಿತಿದ್ದಾಳೆ ಎಂದು ತಿಳಿದು ಮತ್ತೊಂದು ಕೆಲಸ ಹೇಳುವ ಮನೆಯಲ್ಲಿ ಅವಳಿಗೆ ಎಂದೂ ಪುರುಸೊತ್ತು ಸಿಗದು. ಆ ಅರ್ಧ ಗಂಟೆ ಗಂಡ ಒಲೆಯ ಮೇಲಿನ ಹಾಲು ನೋಡಿಕೊಳ್ಳಲಿ, ಮಕ್ಕಳು ಪಾತ್ರೆ ತೊಳೆಯಲಿ. ನೆರೆಮನೆಯ ಹೆಣ್ಣುಮಗಳು ರವಿಕೆ ಹೊಲಿದುಕೊಟ್ಟರೆ ಕೂಲಿಯಲ್ಲಿ ಚೌಕಾಶಿ ಮಾಡದೆ ಆ ಹೊತ್ತಿಗೇ ಕೊಟ್ಟುಬಿಡೋಣ. ಅವಳ ಬೆರಳಿನ ಹಿಂದೆ ಒಂದು ಸಂಸಾರ ನಿಂತಿರಬಹುದು. ಧರ್ಮಕೇಂದ್ರದ ಮಹಿಳಾ ಸಂಘದವರು ತಿಂಗಳಿಗೊಂದು ಮಧ್ಯಾಹ್ನ ಸೇರಿ, ಬಲ್ಲವರಿಂದ ಒಂದೊಂದು ಹೊಲಿಗೆ ಕಲಿತರೂ ವರ್ಷಕ್ಕೆ ಹನ್ನೆರಡು ಕಲಿತಂತಾಯಿತು.

ಜೊಪ್ಪ ಪಟ್ಟಣದ ತಬಿಥಾ ತೀರಿಕೊಂಡಾಗ ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದ್ದು ಅವಳು ತಮಗೆ ಹೊಲಿದುಕೊಟ್ಟ ಅಂಗಿಗಳನ್ನು ಎಂಬುದು ನಮಗೆಲ್ಲ ತಿಳಿದ ವಿಷಯ. ಗಿರಿಜಾಬಾಯಿಯ ಮಗಳು ದೇಶದ ಸಾವಿರಾರು ಹೆಂಗಸರಿಗೆ ತೋರಿಸಿಕೊಟ್ಟದ್ದೂ ಇದನ್ನೇ: ಕೈಯಿಂದ ಮಾಡಿದ್ದಕ್ಕೆ ಬೆಲೆಯಿದೆ, ಮಾಡಿದ ಕೈಗೆ ಅದಕ್ಕಿಂತ ಹೆಚ್ಚಿನ ಬೆಲೆಯಿದೆ. ಮೂಲೆಯಲ್ಲಿರುವ ಹೊಲಿಗೆ ಯಂತ್ರದ ಮೇಲಿನ ಪುಸ್ತಕಗಳನ್ನು ಈ ವಾರ ಬೇರೆ ಕಡೆ ಇಟ್ಟು, ಅದಕ್ಕೆ ಎರಡು ಹನಿ ಎಣ್ಣೆ ಬಿಡೋಣ.