ನಂಬಿಕೆ ನಮ್ಮ ಕೈಯಲ್ಲಿದೆಯೇ? ಬ್ಲೇಸ್ ಪಾಸ್ಕಲ್‌ನ ಬದುಕು



ಈ ಸಲ ಜೋಳ ಬಿತ್ತಬೇಕೋ ಕಡಲೆ ಬಿತ್ತಬೇಕೋ ಎಂಬುದನ್ನು ರೈತನು ಆರಿಸಿಕೊಳ್ಳಬಲ್ಲನು. ಅಂಗಡಿಗೆ ಯಾವ ಮಾಲು ತರಿಸಬೇಕೆಂಬುದನ್ನು ವ್ಯಾಪಾರಿಯು ಆರಿಸಿಕೊಳ್ಳಬಲ್ಲನು. ಯಾವುದನ್ನು ನಂಬಬೇಕೆಂಬುದನ್ನೂ ಹೀಗೆಯೇ ಆರಿಸಿಕೊಳ್ಳಲು ಬರುತ್ತದೆಯೇ? ಬರಿದಾದ ಗಲ್ಲಾಪೆಟ್ಟಿಗೆಯನ್ನು ತೋರಿಸಿ, ಇದರಲ್ಲಿ ಸಾವಿರ ರೂಪಾಯಿ ಇದೆಯೆಂದು ನಂಬಿದರೆ ಇನಾಮು ಕೊಡುತ್ತೇವೆ ಎಂದು ಯಾರಾದರೂ ಅಂದರೆ, ಇದೆಯೆಂದು ಬಾಯಿಂದ ಹೇಳಬಹುದು. ಮನಸ್ಸಿನಿಂದ ನಂಬಲು ಆಗದು. ಹಾಗಾದರೆ ದೇವರನ್ನು ನಂಬು ಎಂದು ಹಿರಿಯರು ಮಕ್ಕಳಿಗೆ ಹೇಳುವಾಗ ನಿಜವಾಗಿ ಏನನ್ನು ಕೇಳುತ್ತಿದ್ದಾರೆ? ಈ ಪ್ರಶ್ನೆಯನ್ನು ಫ್ರಾನ್ಸ್ ದೇಶದ ಒಬ್ಬ ಗಣಿತಜ್ಞನು ತನ್ನ ಅಲ್ಪಾಯುಷ್ಯದಲ್ಲಿ ಬೇರೆ ಬೇರೆ ರೀತಿಯಲ್ಲಿ ಎದುರಿಸಬೇಕಾಯಿತು. ಅವನೇ ಬ್ಲೇಸ್ ಪಾಸ್ಕಲ್.

ಪಾಸ್ಕಲ್ ಹುಟ್ಟಿದ್ದು 1623ರ ಜೂನ್ 19ರಂದು, ಕ್ಲೆರ್ಮಾಂಟ್ ಎಂಬ ಪಟ್ಟಣದಲ್ಲಿ. ಮೂರು ವರ್ಷದವನಿರುವಾಗಲೇ ತಾಯಿಯನ್ನು ಕಳೆದುಕೊಂಡನು. ತೆರಿಗೆ ವ್ಯಾಜ್ಯಗಳ ನ್ಯಾಯಾಲಯದಲ್ಲಿ ಅಧಿಕಾರಿಯಾಗಿದ್ದ ತಂದೆಯು ಗಿಲ್ಬರ್ಟ್, ಬ್ಲೇಸ್, ಜಾಕ್ಲೀನ್ ಎಂಬ ಮೂವರು ಮಕ್ಕಳನ್ನು ಮನೆಯಲ್ಲಿಯೇ ಓದಿಸಿದನು. ಗಣಿತದ ರುಚಿ ಹತ್ತಿದರೆ ಮಗ ಭಾಷೆಗಳನ್ನು ಬಿಟ್ಟಾನೆಂದು ತಂದೆ ಆ ಪುಸ್ತಕಗಳನ್ನು ಮುಚ್ಚಿಟ್ಟಿದ್ದನಂತೆ. ಹನ್ನೆರಡು ವರ್ಷದ ಹುಡುಗ ನೆಲದ ಮೇಲೆ ಗೆರೆ ಎಳೆದು ರೇಖಾಗಣಿತವನ್ನು ತಾನಾಗಿಯೇ ಕಂಡುಕೊಳ್ಳುತ್ತಿದ್ದನೆಂದು ಅಕ್ಕ ಗಿಲ್ಬರ್ಟ್ ಬರೆದಿಟ್ಟಿದ್ದಾಳೆ.

ಮುಂದೆ ತಂದೆಗೆ ರೂಆನ್ ಪ್ರಾಂತದ ತೆರಿಗೆ ಲೆಕ್ಕದ ಹೊಣೆ ಬಂದಿತು. ಅಂದಿನ ಫ್ರಾನ್ಸಿನಲ್ಲಿ ಇಪ್ಪತ್ತು ಸೋಲಿಗೆ ಒಂದು ಲೀವ್ರ್, ಹನ್ನೆರಡು ದೆನಿಯೆಗೆ ಒಂದು ಸೋಲು. ನಮ್ಮಲ್ಲಿ ರೂಪಾಯಿ-ಆಣೆ-ಪೈ ಲೆಕ್ಕವನ್ನು ಬರೆದ ಹಿರಿಯರಿಗೆ ಆ ಕಷ್ಟ ಗೊತ್ತು. ತಂದೆಯ ಬವಣೆಯನ್ನು ನೋಡಿ ಪಾಸ್ಕಲ್ 1642ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಲೆಕ್ಕ ಮಾಡುವ ಯಂತ್ರಕ್ಕೆ ಕೈ ಹಾಕಿದನು. ಕೂಡುವಾಗ ನಾವು ಕೈಯಲ್ಲಿ ಹಿಡಿಯುವ ಒಂದನ್ನು ಅದರ ಗಾಲಿಗಳು ತಾವಾಗಿಯೇ ಮುಂದಿನ ಮನೆಗೆ ದಾಟಿಸುತ್ತಿದ್ದವು. ಬೆಲೆ ಹೆಚ್ಚಾದ್ದರಿಂದ ಯಂತ್ರ ಹೆಚ್ಚು ಮಾರಾಟವಾಗಲಿಲ್ಲ. ಆದರೂ ಇಂದಿನ ಲೆಕ್ಕದ ಯಂತ್ರಗಳ ಪೂರ್ವಜರಲ್ಲಿ ಅದಕ್ಕೆ ಮಾನದ ಸ್ಥಾನವಿದೆ.

1646ರಲ್ಲಿ ತಂದೆಯು ಹಿಮದ ಮೇಲೆ ಜಾರಿ ಬಿದ್ದು ಸೊಂಟದ ಎಲುಬಿಗೆ ಪೆಟ್ಟು ಮಾಡಿಕೊಂಡನು. ಎಲುಬು ಕೂಡಿಸಬಲ್ಲ ಇಬ್ಬರು ಸಹೋದರರು ಉಪಚಾರಕ್ಕೆಂದು ಬಂದು ಮನೆಯಲ್ಲಿ ಮೂರು ತಿಂಗಳು ಉಳಿದರು. ಅವರು ದೈವಭಕ್ತರು. ಅವರ ಮಾತು, ಅವರು ಕೊಟ್ಟ ಪುಸ್ತಕಗಳು, ಅವರ ನಡತೆ ಇವುಗಳಿಂದ ಇಡೀ ಮನೆತನ ಧರ್ಮದ ಕಡೆಗೆ ಹೊರಳಿತು. ಯಾರೂ ಕುಳಿತು ವಿಚಾರ ಮಾಡಿ ಹೊಸ ನಂಬಿಕೆಯನ್ನು ಆರಿಸಲಿಲ್ಲ. ಒಂದು ಕಾಲು ಜಾರಿದ್ದರಿಂದ ಒಂದು ಸಹವಾಸ ಒದಗಿತು, ಸಹವಾಸದಿಂದ ಮನಸ್ಸು ತಿರುಗಿತು.

ಇದೇ ಕಾಲದಲ್ಲಿ ಪಾಸ್ಕಲ್ ವಿಜ್ಞಾನದಲ್ಲಿಯೂ ಒಂದು ಹಳೆಯ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದನು. ಪ್ರಕೃತಿಯು ಬರಿದಾದ ಜಾಗವನ್ನು ಸಹಿಸುವುದಿಲ್ಲವೆಂದು ಪಂಡಿತರು ಶತಮಾನಗಳಿಂದ ಕಲಿಸುತ್ತಿದ್ದರು. ಕೊಳವೆಯಲ್ಲಿ ಪಾದರಸ ನಿಲ್ಲುವುದು ಹೊರಗಿನ ಗಾಳಿಯ ಭಾರದಿಂದಲೇ ಆಗಿದ್ದರೆ, ಗುಡ್ಡ ಏರಿದಂತೆ ಅದು ಇಳಿಯಬೇಕು. 1648ರ ಸೆಪ್ಟೆಂಬರ್ 19ರಂದು ಅವನ ಕೋರಿಕೆಯಂತೆ ಗಿಲ್ಬರ್ಟಳ ಗಂಡನು ಕ್ಲೆರ್ಮಾಂಟ್ ಹತ್ತಿರದ ಪ್ಯೂಯಿ ದ ದೋಮ್ ಎಂಬ ಗುಡ್ಡವನ್ನು ಕೊಳವೆ ಹೊತ್ತು ಏರಿದನು. ಇನ್ನೊಂದು ಕೊಳವೆಯನ್ನು ಕೆಳಗೆ ಊರಿನ ಒಂದು ಮಠದ ತೋಟದಲ್ಲಿಟ್ಟು ಇಡೀ ದಿನ ಒಬ್ಬರು ಕಾದರು. ಕೆಳಗಿನದು ಕದಲಲಿಲ್ಲ, ಶಿಖರದಲ್ಲಿ ಪಾದರಸ ಸುಮಾರು ಮೂರು ಅಂಗುಲ ಇಳಿಯಿತು. ಹಿರಿಯರೆಲ್ಲರೂ ಒಪ್ಪಿದ ಮತವನ್ನು ಸಂತೋಷದಿಂದ ಬಿಡುತ್ತಿಲ್ಲ, ಸತ್ಯವು ತನ್ನನ್ನು ಕಟ್ಟಿಹಾಕಿದ್ದರಿಂದ ಬಿಡುತ್ತಿದ್ದೇನೆ ಎಂಬರ್ಥದಲ್ಲಿ ಪಾಸ್ಕಲ್ ಬರೆದನು. ಇಲ್ಲಿಯೂ ಅವನು ಆರಿಸಿದ್ದು ಪರೀಕ್ಷೆಯನ್ನು ಮಾತ್ರ. ಉತ್ತರವನ್ನು ಆರಿಸುವ ಅಧಿಕಾರ ಅವನಿಗಿರಲಿಲ್ಲ. ಒತ್ತಡವನ್ನು ಅಳೆಯುವ ಮಾನಕ್ಕೆ ಇಂದು ಅವನದೇ ಹೆಸರಿದೆ.

1651ರಲ್ಲಿ ತಂದೆ ತೀರಿಕೊಂಡನು. ಮರುವರ್ಷ ತಂಗಿ ಜಾಕ್ಲೀನ್ ಪೋರ್ಟ್-ರೋಯಲ್ ಎಂಬ ಸನ್ಯಾಸಿನಿಯರ ಮಠವನ್ನು ಸೇರಿದಳು. ಪಾಸ್ಕಲ್ ಪ್ಯಾರಿಸಿನಲ್ಲಿ ಶ್ರೀಮಂತ ಗೆಳೆಯರ ನಡುವೆ ಉಳಿದನು. ಅರ್ಧಕ್ಕೆ ನಿಂತ ಪಣದಾಟದಲ್ಲಿ ಇಟ್ಟ ಹಣವನ್ನು ನ್ಯಾಯವಾಗಿ ಹಂಚುವುದು ಹೇಗೆ ಎಂಬ ಪ್ರಶ್ನೆಯ ಮೇಲೆ 1654ರಲ್ಲಿ ಅವನಿಗೂ ಫೆರ್ಮಾ ಎಂಬ ಗಣಿತಜ್ಞನಿಗೂ ಪತ್ರವ್ಯವಹಾರ ನಡೆಯಿತು. ಮುಂದೆ ವಿಮೆಯ ಲೆಕ್ಕಕ್ಕೂ ಆಧಾರವಾದ ಸಂಭವನೀಯತೆಯ ಗಣಿತ ಬೆಳೆದದ್ದು ಇಲ್ಲಿಂದ. ಆದರೆ ಅವನ ಒಳಗು ಒಣಗಿತ್ತು. ಲೋಕ ಬೇಡವೆನಿಸಿದೆ, ದೇವರ ಕಡೆಗೂ ಮನಸ್ಸು ಎಳೆಯುತ್ತಿಲ್ಲ ಎಂದು ತಂಗಿಯ ಹತ್ತಿರ ಹೇಳಿಕೊಂಡನು. ನಂಬಲು ಇಷ್ಟವಿದ್ದರೂ ನಂಬಿಕೆ ಬಾರದ ಸ್ಥಿತಿ ಅದು. ಅಷ್ಟು ಬುದ್ಧಿವಂತನಿಗೂ ತನ್ನ ಮನಸ್ಸಿಗೆ ಆಜ್ಞೆ ಮಾಡಲು ಆಗಲಿಲ್ಲ.

1654ರ ನವೆಂಬರ್ 23ರ ರಾತ್ರಿ ಸುಮಾರು ಹತ್ತೂವರೆಯಿಂದ ಹನ್ನೆರಡೂವರೆಯವರೆಗೆ ಅವನಿಗೆ ಒಂದು ಅನುಭವವಾಯಿತು. ಅದನ್ನು ಚಿಕ್ಕ ಬರಹವಾಗಿ ಬರೆದು ಅಂಗಿಯ ಒಳಪದರದಲ್ಲಿ ಹೊಲಿದಿಟ್ಟುಕೊಂಡನು. ಅದು ಸೇವಕನ ಕೈಗೆ ಸಿಕ್ಕಿದ್ದು ಪಾಸ್ಕಲ್ ತೀರಿಹೋದ ಮೇಲೆಯೇ. ಅಲ್ಲಿಯವರೆಗೆ, ಸುಮಾರು ಎಂಟು ವರ್ಷ, ಅಂಗಿ ಬದಲಾಯಿಸಿದಾಗಲೆಲ್ಲ ಬಿಚ್ಚಿ ಮತ್ತೆ ಹೊಲಿಯುತ್ತಿದ್ದನಂತೆ.

ಆಮೇಲೆ ಅವನು ಕ್ರೈಸ್ತ ಧರ್ಮವನ್ನು ಸಮರ್ಥಿಸುವ ದೊಡ್ಡ ಗ್ರಂಥಕ್ಕೆ ಟಿಪ್ಪಣಿ ಬರೆಯತೊಡಗಿದನು. ಅದರಲ್ಲಿ ಹೆಸರಾದದ್ದು ಪಣದ ವಾದ. ದೇವರು ಇದ್ದು ನಾವು ನಂಬಿದರೆ ಲಾಭಕ್ಕೆ ಮಿತಿಯಿಲ್ಲ, ಇಲ್ಲದಿದ್ದರೆ ನಷ್ಟ ಅಲ್ಪ. ಆದ್ದರಿಂದ ನಂಬುವ ಕಡೆಗೆ ಪಣ ಕಟ್ಟುವುದೇ ಜಾಣತನ ಎಂಬುದು ಅದರ ಸಾರ. ಲೆಕ್ಕ ಸರಿಯಿರಬಹುದು, ಆದರೂ ನನಗೆ ನಂಬಲು ಆಗುತ್ತಿಲ್ಲವಲ್ಲ ಎಂದು ಕೇಳುವವನನ್ನೂ ಪಾಸ್ಕಲ್ ಮರೆಯಲಿಲ್ಲ. ಅವನು ಕೊಟ್ಟ ಉತ್ತರ ಇದು: ಇನ್ನಷ್ಟು ವಾದ ಬೇಡ, ಆಸೆಗಳನ್ನು ತಗ್ಗಿಸಿಕೊ, ನಂಬಿದವರು ಹೇಗೆ ನಡೆದರೋ ಹಾಗೆ ನಡೆ, ಆಚರಣೆಯಿಂದ ಮನಸ್ಸು ಹದವಾಗುತ್ತದೆ. ಬೀಜವನ್ನು ಎಳೆದು ಮೊಳಕೆ ಬರಿಸಲಾಗದು, ಹೊಲವನ್ನು ಹದ ಮಾಡಬಹುದು ಎಂದು ರೈತರು ಇದನ್ನು ತಿಳಿಯಬಹುದು.

ಇದಕ್ಕೆ ಗಟ್ಟಿಯಾದ ಆಕ್ಷೇಪಗಳೂ ಬಂದವು. ನಂಬಿದರೆ ಲಾಭವಿದೆ ಎಂಬುದು ಆ ವಸ್ತು ಇದೆಯೆಂಬುದಕ್ಕೆ ಸಾಕ್ಷಿಯಲ್ಲ ಎಂದು ವೋಲ್ಟೇರನೂ, ಇದೇ ವಾದವನ್ನು ಬೇರೆ ಮತದವರೂ ತಮಗಾಗಿ ಹೂಡಬಹುದು ಎಂದು ದಿದೆರೋ ಎಂಬುವನೂ ಮುಂದಿನ ಶತಮಾನದಲ್ಲಿ ತೋರಿಸಿಕೊಟ್ಟರು. ರೂಢಿಯು ಮನಸ್ಸನ್ನು ಬಾಗಿಸುತ್ತದೆ ನಿಜ. ಸುಳ್ಳಿನ ಕಡೆಗೂ ಬಾಗಿಸುತ್ತದೆ. ಆದ್ದರಿಂದ ಪರೀಕ್ಷೆಗೆ ಸಿಗುವ ಮಾತನ್ನು ಗುಡ್ಡ ಹತ್ತಿಯೇ ನೋಡಬೇಕು.

ಪಾಸ್ಕಲ್‌ನ ಕಡುಕಷ್ಟದ ದಿನಗಳು ಇನ್ನೂ ಮುಂದಿದ್ದವು. ಪೋರ್ಟ್-ರೋಯಲ್‌ನವರು ಗೌರವಿಸುತ್ತಿದ್ದ ಜಾನ್ಸೆನ್ ಎಂಬ ಬಿಷಪ್ಪನ ಗ್ರಂಥದಿಂದ ಬಂದವೆನ್ನಲಾದ ಐದು ಮತಗಳನ್ನು ಪೋಪ್ 1653ರಲ್ಲಿ ಖಂಡಿಸಿದ್ದನು. ಮತಗಳು ತಪ್ಪೆಂದು ಒಪ್ಪುತ್ತೇವೆ, ಆದರೆ ಅವು ಆ ಪುಸ್ತಕದಲ್ಲಿಲ್ಲ ಎಂದು ಇವರ ವಾದ. ಪುಸ್ತಕದಲ್ಲಿ ಇದೆಯೋ ಇಲ್ಲವೋ ಎಂಬುದು ಕಣ್ಣಿನಿಂದ ನೋಡುವ ವಿಷಯ, ಆಜ್ಞೆಯಿಂದ ತೀರುವುದಲ್ಲ ಎಂದು ಪಾಸ್ಕಲ್ 1657ರ ತನ್ನ ಪತ್ರಗಳಲ್ಲಿ ವಾದಿಸಿದನು. ಗೆಲಿಲಿಯೋನ ವಿರುದ್ಧ ರೋಮಿನ ತೀರ್ಪು ಬಂದರೂ ಭೂಮಿ ನಿಲ್ಲುವುದಿಲ್ಲವೆಂಬ ಉದಾಹರಣೆಯನ್ನೂ ಕೊಟ್ಟನು.

1661ರಲ್ಲಿ ದೊರೆ ಹದಿನಾಲ್ಕನೆಯ ಲೂಯಿಯ ಸರಕಾರವು ಪಾದ್ರಿಗಳೂ ಸನ್ಯಾಸಿನಿಯರೂ ಆ ಖಂಡನೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲೇಬೇಕೆಂದು ಒತ್ತಾಯಿಸಿತು. ಜಾಕ್ಲೀನಳ ಮನಸ್ಸು ಒಪ್ಪಲಿಲ್ಲ. ಕೊನೆಗೆ ವಿವರಣೆಯ ಷರತ್ತಿನೊಂದಿಗೆ ಸಹಿ ಹಾಕಿದಳು. ಅದೇ ವರ್ಷದ ಅಕ್ಟೋಬರ್ 4ರಂದು, ತನ್ನ 36ನೆಯ ಹುಟ್ಟುಹಬ್ಬದ ದಿನ, ಕಣ್ಣುಮುಚ್ಚಿದಳು. ಆ ಬಳಿಕ ಪಾಸ್ಕಲ್ ತನ್ನ ಗೆಳೆಯರಿಗಿಂತಲೂ ಬಿಗಿಯಾದನು. ಗೆಳೆಯರು ರಾಜಿಗೆ ಒಲಿದಾಗ ಅವನು ದುಃಖದಿಂದ ಮೂರ್ಛೆ ಹೋದನೆಂದು ಅಕ್ಕನ ಮಗಳು ಬರೆದಿಟ್ಟಿದ್ದಾಳೆ.

ಕೊನೆಯ ವರ್ಷ, 1662ರಲ್ಲಿ, ಅವನ ಯೋಜನೆಯಂತೆ ಪ್ಯಾರಿಸಿನಲ್ಲಿ ಐದು ಸೋಲಿನ ದರದ ಸಾರ್ವಜನಿಕ ಕುದುರೆಗಾಡಿಗಳು ನಿಗದಿತ ಮಾರ್ಗಗಳಲ್ಲಿ ಓಡಿದವು. ಕಾಯಿಲೆಯಲ್ಲಿಯೂ ಅವನು ಒಂದು ಬಡ ಕುಟುಂಬಕ್ಕೆ ತನ್ನ ಮನೆಯಲ್ಲಿ ಆಸರೆ ಕೊಟ್ಟಿದ್ದನು. ಅವರ ಮಗುವಿಗೆ ಸಿಡುಬು ಬಂದಾಗ ಅವರನ್ನು ಹೊರಗೆ ಕಳಿಸದೆ ತಾನೇ ಮನೆ ಬಿಟ್ಟು ಅಕ್ಕನ ಮನೆಗೆ ಹೋದನು. ಆಗಸ್ಟ್ 19ರಂದು ಅಲ್ಲಿಯೇ ತೀರಿಕೊಂಡನು. ಆಗ ವಯಸ್ಸು 39. ಟಿಪ್ಪಣಿಗಳು 1670ರಲ್ಲಿ ಪುಸ್ತಕವಾಗಿ ಬಂದವು.

ನಂಬದವನಿಗೆ ನಂಬಿದವರಂತೆ ನಡೆ ಎಂದವನೇ, ನಂಬದ ಮಾತಿಗೆ ಸಹಿ ಹಾಕಬೇಡ ಎಂದದ್ದು ಏಕೆ? ಹುಡುಕುವವನು ಆಚರಣೆ ಮಾಡುವುದು ಸುಳ್ಳಲ್ಲ, ಅದು ಅಭ್ಯಾಸ. ಕಾಣದ್ದನ್ನು ಕಂಡೆನೆಂದು ಬರೆದುಕೊಡುವುದು ಮಾತ್ರ ಖೊಟ್ಟಿ ಲೆಕ್ಕಕ್ಕೆ ಸಹಿ ಹಾಕಿದಂತೆ.

ಪಟ್ಟಣಕ್ಕೆ ಓದಲು ಹೋದ ಮಗನಿಗೆ ಪೂಜೆಯಲ್ಲಿ ಮನಸ್ಸಿಲ್ಲವೆಂದು ಕೊರಗುವ ತಂದೆತಾಯಿಗಳು ನಮ್ಮ ಊರುಗಳಲ್ಲಿಯೂ ಇದ್ದಾರೆ. ಅವನಿಂದ ನಂಬುತ್ತೇನೆ ಎಂಬ ಮಾತನ್ನು ಹಿಂಡಿ ತೆಗೆದರೆ ನಮಗೆ ಸಿಗುವುದು ಆ ಮಾತಷ್ಟೇ. ದಾಸೋಹದಲ್ಲಿ ಬಡಿಸಲು ಜೊತೆಗೆ ಕರೆಯಬಹುದು, ಒಳ್ಳೆಯವರ ಸಂಗಕ್ಕೆ ಬಿಡಬಹುದು, ಕೇಳಿದ ಪ್ರಶ್ನೆಗೆ ಸಿಟ್ಟಾಗದೆ ಉತ್ತರ ಕೊಡಬಹುದು. ಆಮೇಲೆ ಅವನ ಮನಸ್ಸಿಗೆ ಏನು ಕಾಣುತ್ತದೋ ಅದನ್ನು ಅವನು ನಿಜವಾಗಿ ಹೇಳಲಿ. ಆ ಮಾತು ನಮಗೆ ಹಿಡಿಸದಿದ್ದರೂ ಮನೆಯ ಬಾಗಿಲು ಅವನಿಗೆ ತೆರೆದೇ ಇರಲಿ.