ವಿದುಷಿ ಡೊರೊಥಿ ಹಾಡ್ಜ್‌ಕಿನ್

ನಮ್ಮ ಅಜ್ಜಿಯಂದಿರ ಕಾಲದಲ್ಲಿ ಬಾಣಂತಿಜ್ವರವೂ ಗಾಯದ ನಂಜೂ ಎಷ್ಟೋ ಮನೆಗಳ ದೀಪವನ್ನು ನಂದಿಸುತ್ತಿದ್ದವು. ಅವನ್ನು ಗೆದ್ದ ಔಷಧಗಳಲ್ಲಿ ಪೆನಿಸಿಲಿನ್ ಮುಖ್ಯವಾದುದು. 1928ರಲ್ಲಿ ಅದನ್ನು ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗರ ಹೆಸರನ್ನು ಕೇಳದವರು ವಿರಳ. ಅದರ ಒಳರಚನೆಯನ್ನು ಲೋಕಕ್ಕೆ ತೋರಿಸಿದವರು ಓರ್ವ ಸ್ತ್ರೀಯೆಂದು ಬಲ್ಲವರು ಸ್ವಲ್ಪ ಮಂದಿಯೇ. ಆದುದರಿಂದ ಆ ವಿದುಷಿಯ ಚರಿತ್ರೆಯನ್ನು ನಮ್ಮ ಶಾಲೆಯ ಪೂರ್ವ ವಿದ್ಯಾರ್ಥಿನಿಯರಿಗೂ ಮಾತಾಪಿತೃಗಳಿಗೂ ಸಂಕ್ಷೇಪವಾಗಿ ನಿವೇದಿಸುತ್ತೇವೆ.

ಡೊರೊಥಿ ಕ್ರೋಫುಟ್ ಅವರು 1910ನೆಯ ಇಸವಿ ಮೇ 12ರಂದು ಕೈರೋ ಪಟ್ಟಣದಲ್ಲಿ ಆಂಗ್ಲ ದಂಪತಿಗಳಿಗೆ ಜನಿಸಿದರು. ಇಂಗ್ಲೆಂಡಿನ ಬೆಕಲ್ಸ್ ಊರಿನ ಶಾಲೆಯಲ್ಲಿ ರಸಾಯನಶಾಸ್ತ್ರವು ಹುಡುಗರಿಗೆ ಮೀಸಲಾಗಿದ್ದರೂ, ಇವರಿಗೂ ಮತ್ತೊಬ್ಬ ಬಾಲಿಕೆಗೂ ಹುಡುಗರೊಂದಿಗೆ ಕುಳಿತು ಕಲಿಯಲು ಅಪ್ಪಣೆ ದೊರೆಯಿತು. ತರುವಾಯ ಆಕ್ಸ್‌ಫರ್ಡಿನಲ್ಲಿಯೂ ಕೇಂಬ್ರಿಜ್ಜಿನಲ್ಲಿಯೂ ವ್ಯಾಸಂಗಮಾಡಿ, ಸ್ಫಟಿಕದೊಳಗೆ ಕ್ಷ-ಕಿರಣಗಳನ್ನು ಹಾಯಿಸಿ, ಅವು ಚದರಿ ಫಲಕದ ಮೇಲೆ ಮೂಡಿಸುವ ಚುಕ್ಕಿಗಳಿಂದ ಪರಮಾಣುಗಳ ಸ್ಥಾನವನ್ನು ಗಣಿಸುವ ವಿದ್ಯೆಯಲ್ಲಿ ಪಾರಂಗತರಾದರು. 1937ರಲ್ಲಿ ತೋಮಸ್ ಹಾಡ್ಜ್‌ಕಿನ್ನರನ್ನು ವಿವಾಹವಾಗಿ ಮೂವರು ಮಕ್ಕಳ ತಾಯಿಯಾದರು. ಎಳೆಯ ಪ್ರಾಯದಲ್ಲಿಯೇ ಕೀಲುವಾತವು ಕೈಗಳನ್ನು ವಕ್ರಗೊಳಿಸಿದರೂ ಕೆಲಸವನ್ನು ಬಿಡಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಗಾಯಾಳುಗಳಿಗೆ ಪೆನಿಸಿಲಿನ್ ಅತ್ಯವಶ್ಯವಾದಾಗ, ಅದರ ರಚನೆಯ ಕುರಿತು ಪಂಡಿತರಲ್ಲಿ ವಿವಾದವಿತ್ತು. ಡೊರೊಥಿಯವರು ಶಿಷ್ಯೆಯಾದ ಬಾರ್ಬರಾ ಲೋ ಮೊದಲಾದವರೊಡನೆ ಶ್ರಮಿಸಿ, ಮೂರು ಇಂಗಾಲ, ಒಂದು ಸಾರಜನಕ ಪರಮಾಣುಗಳ ಚತುಷ್ಕೋನದ ಉಂಗುರವೊಂದು ಅದರಲ್ಲಿರುವುದನ್ನು 1945ರಲ್ಲಿ ಸ್ಥಾಪಿಸಿದರು. ಅನೇಕರು ಒಪ್ಪದಿದ್ದ ಆ ಉಂಗುರದಲ್ಲಿಯೇ ಔಷಧದ ಶಕ್ತಿಯು ಅಡಗಿದೆ.

ಅದು ಹೇಗೆಂದರೆ, ಬ್ಯಾಕ್ಟೀರಿಯದ ಗೋಡೆಯು ಗಂಗೊಳ್ಳಿಯ ಮೀನುಗಾರರ ಬಲೆಯನ್ನು ಹೋಲುವುದು. ಸಕ್ಕರೆಯ ಜಾತಿಯ ಅಣುಗಳ ಉದ್ದದ ಎಳೆಗಳನ್ನು ಅಮೈನೋ ಆಮ್ಲಗಳ ಗಿಡ್ಡ ಎಳೆಗಳು ಅಡ್ಡಲಾಗಿ ಬಂಧಿಸುತ್ತವೆ. ಒಳಗಿನ ನೀರಿನ ಒತ್ತಡವನ್ನು ತಡೆಯುವುದು ಈ ಬಲೆಯೇ. ಜೀವಿಯು ಬೆಳೆಯಬೇಕಾದರೆ ಹಳೆಯ ಕಣ್ಣುಗಳನ್ನು ಬಿಚ್ಚಿ, ಹೊಸ ಎಳೆಗಳನ್ನು ಸೇರಿಸಿ, ಗಂಟುಹಾಕುತ್ತಲೇ ಇರಬೇಕು. ಗಂಟುಹಾಕುವ ಕಿಣ್ವವು ಪೆನಿಸಿಲಿನ್ನನ್ನು ಎಳೆಯ ತುದಿಯೆಂದು ಭ್ರಮಿಸಿ ಹಿಡಿಯುವುದು. ಆಗ ಉಂಗುರವು ತೆರೆದು ಕಿಣ್ವಕ್ಕೆ ಅಂಟಿಕೊಂಡು ಅದನ್ನು ನಿರುಪಯುಕ್ತ ಮಾಡುವುದು. ಬಿಚ್ಚುವ ಕೆಲಸವು ಸಾಗಿ ಗಂಟುಹಾಕುವ ಕೆಲಸವು ನಿಲ್ಲುವುದರಿಂದ ಗೋಡೆಯು ಸಡಿಲಗೊಂಡು ಜೀವಿಯು ಒಡೆದು ಸಾಯುವುದು. ಮನುಷ್ಯನ ಜೀವಕೋಶಗಳಿಗೆ ಇಂಥ ಗೋಡೆಯೇ ಇಲ್ಲದುದರಿಂದ ಅವು ಈ ಪೆಟ್ಟಿಗೆ ಒಳಗಾಗವು. ಆದರೆ ಕೆಲವು ಬ್ಯಾಕ್ಟೀರಿಯಗಳು ಆ ಉಂಗುರವನ್ನು ಮುಂಚಿತವಾಗಿಯೇ ಮುರಿಯುವ ಕಿಣ್ವವನ್ನು ಪಡೆದಿವೆ. ವೈದ್ಯರ ಅಪ್ಪಣೆಯಿಲ್ಲದೆ ಇಂಥ ಔಷಧಗಳನ್ನು ಸೇವಿಸುವವರು ಆ ವೈರಿಗಳಿಗೇ ನೆರವಾಗುತ್ತಾರೆಂಬುದನ್ನು ಮರೆಯಬಾರದು.

ಬಳಿಕ ಡೊರೊಥಿಯವರು ಬಿ12 ಜೀವಸತ್ವದ ರಚನೆಯನ್ನೂ ಬಿಡಿಸಿ, 1964ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನವನ್ನು ಪಡೆದರು. 30 ವರ್ಷಗಳಿಗೂ ಮಿಕ್ಕಿ ಬೆನ್ನುಹತ್ತಿದ್ದ ಇನ್ಸುಲಿನ್ನಿನ ಕಾರ್ಯವು 1969ರಲ್ಲಿ ಸಿದ್ಧಿಸಿತು. ಅದರಲ್ಲಿ ಸಹಕರಿಸಿದ ಎಂ. ವಿಜಯನ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆ ವಿದ್ಯೆಯನ್ನು ಬೆಳೆಸಿದರು. 1994ನೆಯ ಇಸವಿ ಜುಲೈ 29ರಂದು ಡೊರೊಥಿಯವರು ಇಹಲೋಕವನ್ನು ತ್ಯಜಿಸಿದರು.

ಬೆಕಲ್ಸಿನ ಆ ಶಾಲೆಯು ಇಬ್ಬರು ಬಾಲಿಕೆಯರಿಗೆ ಬಾಗಿಲನ್ನು ತೆರೆಯದೆ ಹೋಗಿದ್ದರೆ ಲೋಕಕ್ಕೆ ಎಷ್ಟು ನಷ್ಟವಾಗುತ್ತಿತ್ತು! ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಗಳ ತಂದೆತಾಯಿಯರು, ವಿಜ್ಞಾನದಲ್ಲಿ ಮನಸ್ಸುಳ್ಳ ಮಗಳು ಮುಂದೆ ಕಲಿಯಲು ಅಪ್ಪಣೆಯನ್ನು ಬೇಡಿದಾಗ, ಇದನ್ನು ನೆನಸಿಕೊಳ್ಳಲಿ.